ಪಾಪದ ಹಲ್ಲಿನ ಮೇಲೆ ಗೂಬೆ ಕೂರಿಸಬೇಡಿ

"ಜ್ವರಾನಾ? ಹಲ್ಲು ಬರಾಕತ್ತ್ಯಾವ ಬಿಡವ್ವಾ. ಭೇದಿನಾ? ಅದೂ ಹಲ್ಲಿಂದಾನ. ರಾತ್ರಿಯೆಲ್ಲಾ ಅಳ್ತಾನಾ? ಹಲ್ಲು ಬರಾ ಹೊತ್ತಿನಾಗ ಅಳದಾ ಇರ್ತಾವೇನು?"

ಮನೆಯಲ್ಲಿ ಆರು ತಿಂಗಳು ತುಂಬಿದ ಕೂಸು ಇದೆಯಾ? ಹಾಗಿದ್ದರೆ ಈ ಮಾತು ನಿಮ್ಮ ಕಿವಿಗೂ ಬಿದ್ದೇ ಇರುತ್ತದೆ. ಅತ್ತೆ, ಅಮ್ಮ, ಪಕ್ಕದ ಮನೆ ಆಂಟಿ, ಬಾಗಿಲಿಗೆ ಬರುವ ತರಕಾರಿಯವಳು... ಎಲ್ಲರ ಬಾಯಲ್ಲೂ ಇದೇ ರಾಗ. ಯಾರೂ ಕೆಟ್ಟ ಮನಸ್ಸಿನಿಂದ ಹೇಳುವುದಿಲ್ಲ. ಕಂಗಾಲಾದ ತಾಯಿಗೆ ಧೈರ್ಯ ತುಂಬಬೇಕು ಅಂತಲೇ ಹೇಳುತ್ತಾರೆ. ಆದರೆ ಗೆಳತಿಯರೇ, ಈ ಧೈರ್ಯವೇ ಕೆಲವೊಮ್ಮೆ ಕೂಸಿಗೆ ಎರವಾಗುತ್ತದೆ. ಅದು ನನಗೆ ಗೊತ್ತಾಗಿದ್ದು ಪುಸ್ತಕ ಓದಿ ಅಲ್ಲ.

ಸಿರುಗುಪ್ಪದ ಆ ಎರಡು ದಿನ

2022ರ ಮೇ ತಿಂಗಳು. ನನ್ನ ಮಗನಿಗೆ ಆಗ ಎಂಟು ತಿಂಗಳು. ನಮ್ಮ ಬಳ್ಳಾರಿ ಸೀಮೆಯ ಬಿಸಿಲನ್ನು ನಿಮಗೆ ಬಿಡಿಸಿ ಹೇಳಬೇಕೇ? ಅಂಥ ಉರಿಬಿಸಿಲಲ್ಲಿ ಗಂಡನ ಕಡೆಯವರ ಮದುವೆಗೆಂದು ಸಿರುಗುಪ್ಪಕ್ಕೆ ಹೋಗಿದ್ದೆ. ಮದುವೆ ಮನೆಯಲ್ಲಿ ಕೂಸು ಹತ್ತು ಕೈ ದಾಟುತ್ತಲ್ಲ, ಹಾಗೇ ಆಯಿತು. ಯಾರೋ ಬೂಂದಿ ಕಾಳು ನೆಕ್ಕಿಸಿದರು. ಇನ್ಯಾರೋ ಶರಬತ್ತನ್ನು ತುಟಿಗೆ ಮುಟ್ಟಿಸಿದರು. ಬೇಡ ಅನ್ನೋಕೆ ನನಗೂ ಸಂಕೋಚ.

ಮಾರನೇ ದಿನ ಬೆಳಿಗ್ಗೆ ಮೈ ಕಾದಿತ್ತು. ಮಧ್ಯಾಹ್ನದ ಹೊತ್ತಿಗೆ ನಾಲ್ಕು ಸಲ ನೀರಿನಂಥ ಭೇದಿ. ಅತ್ತೆ ಬೆರಳು ಹಾಕಿ ಬಾಯಿ ನೋಡಿದರು. "ಒಸಡು ಉಬ್ಬ್ಯಾವ ನೋಡು. ಕೆಳಗಿನ ಹಲ್ಲು ಬರಾಕತ್ತ್ಯಾವ. ನಿನ್ನ ಗಂಡಗೂ ಹಿಂಗಾ ಆಗಿತ್ತು. ಹಲ್ಲು ಹೊರಗ ಬಂದ್ರ ತಾನಾ ನಿಲ್ತೈತಿ" ಅಂದರು. ನಿಜ ಹೇಳ್ತೀನಿ, ಆ ಮಾತು ಕೇಳಿ ನನಗೆ ಸಮಾಧಾನವೇ ಆಯಿತು. ಬಿ.ಎ. ಓದಿದವಳು ನಾನು. ಒಮ್ಮೆಯೂ ಎದುರು ಪ್ರಶ್ನೆ ಕೇಳಲಿಲ್ಲ. ತಾಲ್ಲೂಕು ಆಸ್ಪತ್ರೆ ಊರಲ್ಲೇ ಇತ್ತು. ಹಲ್ಲು ಬರೋದಕ್ಕೆ ಯಾರಾದರೂ ಆಸ್ಪತ್ರೆಗೆ ಹೋಗ್ತಾರಾ ಅಂದುಕೊಂಡೆ. "ಹಾಲು ಕೊಟ್ರ ಭೇದಿ ಇನ್ನಾ ಜಾಸ್ತಿ ಆಗ್ತೈತಿ" ಎಂದು ನೆಂಟರೊಬ್ಬರು ಹೇಳಿದ್ದಕ್ಕೆ ಎದೆಹಾಲನ್ನೂ ಕಡಿಮೆ ಮಾಡಿದೆ!

ಎರಡನೇ ದಿನ ಸಂಜೆ ಅವನ ಅಳು ನಿಂತಿತು. "ಅಬ್ಬಾ, ಸುಮ್ಮನಾದ" ಅಂದರು ಎಲ್ಲರೂ. ಅವನು ಸುಮ್ಮನಾಗಿರಲಿಲ್ಲ, ಅಳೋಕೂ ತ್ರಾಣ ಇಲ್ಲದಂತಾಗಿದ್ದ. ಕಣ್ಣು ಗುಳಿ ಬಿದ್ದಿತ್ತು. ಬಟ್ಟೆ ಬದಲಿಸೋಣ ಅಂತ ನೋಡಿದರೆ, ಮಧ್ಯಾಹ್ನ ಕಟ್ಟಿದ ಲಂಗೋಟಿ ಸಂಜೆ ಏಳಾದರೂ ಒಣಗಿಯೇ ಇತ್ತು. ಆಗ ನನ್ನ ಎದೆ ಧಸಕ್ಕೆಂದಿತು. ಬಳ್ಳಾರಿಯಲ್ಲಿದ್ದ ಗಂಡನಿಗೆ ಫೋನ್ ಮಾಡಿ, ಸಿಕ್ಕ ಕಾರು ಹತ್ತಿ ಹೊರಟೆ. ದಾರಿಯುದ್ದಕ್ಕೂ ಅವನ ಮೂಗಿನ ಹತ್ತಿರ ಬೆರಳಿಟ್ಟುಕೊಂಡೇ ಕೂತಿದ್ದೆ.

ಮಕ್ಕಳ ಡಾಕ್ಟರು ಮೊದಲು ಕೇಳಿದ ಪ್ರಶ್ನೆ, "ಮೂತ್ರ ಮಾಡಿ ಎಷ್ಟು ಹೊತ್ತಾಯ್ತಮ್ಮಾ?" ನನ್ನ ಬಳಿ ಸರಿಯಾದ ಉತ್ತರ ಇರಲಿಲ್ಲ. ಮೂರು ದಿನ ಡ್ರಿಪ್ ಹಾಕಿದರು. ಮನೆಗೆ ಬಂದ ನಾಲ್ಕನೇ ದಿನ ಕೆಳಗಿನ ಒಸಡಿನಲ್ಲಿ ಅಕ್ಕಿಕಾಳಿನಂಥ ಹಲ್ಲು ಇಣುಕಿತು. ಅತ್ತೆ ಏನಂದರು ಗೊತ್ತೇ? "ನೋಡಿದ್ಯಾ, ನಾ ಹೇಳಿದ್ದಿಲ್ಲಾ?"

ಹಲ್ಲು ಏನು ಮಾಡುತ್ತೆ, ಏನು ಮಾಡಲ್ಲ?

ಹಲ್ಲು ಬಂದದ್ದು ನಿಜ, ಭೇದಿಯಾಗಿದ್ದೂ ನಿಜ. ಒಂದರಿಂದಲೇ ಇನ್ನೊಂದು ಆಯಿತು ಅನ್ನೋದು ಮಾತ್ರ ನಿಜವಲ್ಲ. ಸ್ವಲ್ಪ ಲೆಕ್ಕ ಹಾಕಿ. ಹಾಲುಹಲ್ಲು ಒಟ್ಟು 20. ಸಾಮಾನ್ಯವಾಗಿ ಆರನೇ ತಿಂಗಳ ಆಸುಪಾಸಿನಲ್ಲಿ ಶುರುವಾಗಿ ಮೂರು ವರ್ಷದೊಳಗೆ ಎಲ್ಲವೂ ಬರುತ್ತವೆ. ಅಂದರೆ ಆ ಎರಡೂವರೆ ವರ್ಷದಲ್ಲಿ ಯಾವಾಗ ನೋಡಿದರೂ ಯಾವುದಾದರೂ ಒಂದು ಹಲ್ಲು ಬರುತ್ತಲೇ ಇರುತ್ತದೆ. ಕೂಸಿಗೆ ಯಾವ ಕಾಯಿಲೆ ಬಂದರೂ ಗೂಬೆ ಕೂರಿಸೋಕೆ ಒಂದು ಹಲ್ಲು ರೆಡಿ!

ಹಲ್ಲು ಮೂಡುವಾಗ ಒಸಡು ಕೆಂಪಾಗಿ ಉಬ್ಬುತ್ತದೆ. ಜೊಲ್ಲು ಸುರಿಯುತ್ತದೆ. ಕೈಗೆ ಸಿಕ್ಕಿದ್ದನ್ನೆಲ್ಲ ಕಚ್ಚಬೇಕೆನಿಸುತ್ತದೆ. ಕಿರಿಕಿರಿ, ನಿದ್ದೆಗೇಡು, ಊಟ ಒಲ್ಲೆ ಅನ್ನೋದು ಎಲ್ಲ ಉಂಟು. ಮೈ ತುಸು ಬೆಚ್ಚಗಾಗಬಹುದು, ಮಲ ಕೊಂಚ ಸಡಿಲ ಆದೀತು. ಅಷ್ಟೇ. ಥರ್ಮಾಮೀಟರ್‌ನಲ್ಲಿ 100.4 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಿದರೆ ಅದು ಜ್ವರ. ನೀರಿನಂಥ ಭೇದಿ, ಮತ್ತೆ ಮತ್ತೆ ವಾಂತಿ ಅಂದರೆ ಅದು ಸೋಂಕು. ಹಲ್ಲಿನ ಲೆಕ್ಕಕ್ಕೆ ಇವು ಸೇರುವುದಿಲ್ಲ.

ಬ್ರೆಜಿಲ್ ದೇಶದಲ್ಲಿ 47 ಕೂಸುಗಳನ್ನು ಎಂಟು ತಿಂಗಳ ಕಾಲ ದಿನಾ ನೋಡಿ, ಮೈ ಬಿಸಿ ಅಳೆದು ಬರೆದಿಟ್ಟ ಅಧ್ಯಯನವೊಂದು 2011ರಲ್ಲಿ ಪ್ರಕಟವಾಯಿತು. ಹಲ್ಲು ಮೂಡಿದ ದಿನ ಮೈ ತುಸು ಬೆಚ್ಚಗಾಗಿತ್ತೇ ವಿನಾ ಜ್ವರ ಅನ್ನುವಷ್ಟು ಏರಿರಲಿಲ್ಲ ಅಂತ ಅದು ಹೇಳುತ್ತದೆ.

ನಮ್ಮ ಅಜ್ಜಿಯಂದಿರನ್ನಷ್ಟೇ ದೂರಬೇಡಿ. ಇಂಗ್ಲೆಂಡಿನಲ್ಲಿ 1839ರಲ್ಲಿ ಐದು ಸಾವಿರಕ್ಕೂ ಹೆಚ್ಚು ಸಾವುಗಳಿಗೆ "ಹಲ್ಲು ಬರುವುದು" ಅಂತ ಕಾರಣ ಬರೆದಿದ್ದರು! ಅಲ್ಲಿ ಹಲ್ಲು ಬರುವ ಮಕ್ಕಳಿಗೆಂದು ಮಾರುತ್ತಿದ್ದ ಪುಡಿಯಲ್ಲಿ ಪಾದರಸ ಇರುತ್ತಿತ್ತು. ಅದನ್ನು ತಿಂದ ಮಕ್ಕಳ ಕೈಕಾಲು ಕೆಂಪಾಗಿ, ನೋವಿನಿಂದ ನರಳುತ್ತಿದ್ದವು. ಅಂಥ ಪುಡಿ ಅಲ್ಲಿನ ಅಂಗಡಿಗಳಿಂದ ಮರೆಯಾಗಿದ್ದು 1954ರಲ್ಲಿ.

ಹಾಗಾದ್ರೆ ಕಾಯಿಲೆ ಆಗಲೇ ಯಾಕೆ ಬರುತ್ತೆ?

ಒಳ್ಳೆಯ ಪ್ರಶ್ನೆ. ಹೊಟ್ಟೆಯಲ್ಲಿದ್ದಾಗ ತಾಯಿಯಿಂದ ಕೂಸಿಗೆ ಬಂದ ರೋಗ ತಡೆಯುವ ಶಕ್ತಿ ಆರು ತಿಂಗಳ ಹೊತ್ತಿಗೆ ಇಳಿಯುತ್ತಾ ಬರುತ್ತದೆ. ಅದರದ್ದೇ ಸ್ವಂತ ಶಕ್ತಿ ಇನ್ನೂ ಬೆಳೆಯುತ್ತಿರುತ್ತದೆ. ಸರಿಯಾಗಿ ಅದೇ ಹೊತ್ತಿಗೆ ಕೂಸು ಅಂಬೆಗಾಲಿಡುತ್ತದೆ. ನೆಲದ ಮೇಲಿದ್ದ ಚಪ್ಪಲಿ, ಕೀಲಿಕೈ, ಮೊಬೈಲು ಎಲ್ಲವೂ ಬಾಯಿಗೆ. ಎದೆಹಾಲಿನ ಜೊತೆಗೆ ಮೇಲಿನ ಊಟ, ನೀರು, ಬಟ್ಟಲು, ಚಮಚ ಶುರುವಾಗೋದೂ ಆಗಲೇ. ರೋಗಾಣುವಿಗೆ ಇಷ್ಟು ಬಾಗಿಲು ತೆರೆದಿರುವಾಗ ಪಾಪ, ಹಲ್ಲೇನು ಮಾಡೀತು?

ನಲ್ಲಿ ನೀರು ಬಂದ ದಿನ ಡ್ರಮ್ಮು, ಸಂಪು ತುಂಬಿಸಿಟ್ಟು ದಿನಗಟ್ಟಲೆ ಬಳಸೋದು ನಮ್ಮೂರಿನವರಿಗೆ ಹೊಸದಲ್ಲ. ಕೂಸಿಗೆ ಕೊಡುವ ನೀರನ್ನು ಕುದಿಸಿ ಆರಿಸಿ. ಬಟ್ಟಲು ಚಮಚವನ್ನೂ ಕುದಿಸಿ. ಬೆಳಿಗ್ಗೆ ಮಾಡಿದ ರಾಗಿ ಸರಿಯನ್ನು ಮಧ್ಯಾಹ್ನಕ್ಕೆ ಇಡಬೇಡಿ, ನಮ್ಮ ಬಿಸಿಲಿಗೆ ಅದು ಬೇಗ ಕೆಡುತ್ತದೆ. ಕೂಸನ್ನು ಎತ್ತಿಕೊಳ್ಳುವವರು ಯಾರೇ ಆಗಲಿ, ಕೈ ತೊಳೆಯಲಿ. ಭೇದಿ ತರುವ ರೋಟಾ ವೈರಸ್‌ಗೆ ಸರ್ಕಾರಿ ಆಸ್ಪತ್ರೆಯಲ್ಲಿ ಉಚಿತ ಲಸಿಕೆಯಿದೆ. ಇದನ್ನು 2016ರಿಂದ ಹಂತಹಂತವಾಗಿ ಇಡೀ ದೇಶಕ್ಕೆ ತಂದರು. ಕೊಡಿಸಬೇಕಾದ್ದು 6, 10 ಮತ್ತು 14ನೇ ವಾರಗಳಲ್ಲಿ. ತಾಯಿ ಕಾರ್ಡ್ ತೆಗೆದು ಒಮ್ಮೆ ನೋಡಿಕೊಳ್ಳಿ.

ಒಂದು ಪೊಟ್ಟಣ, ಒಂದು ಲೀಟರ್ ನೀರು

ಭೇದಿಯಲ್ಲಿ ಕೂಸನ್ನು ಸೋಲಿಸುವುದು ಮೈಯಿಂದ ಹೋಗುವ ನೀರು ಮತ್ತು ಲವಣ. ಹೋದಷ್ಟನ್ನು ತುಂಬಿಸುತ್ತಾ ಇದ್ದರೆ ಹೆಚ್ಚಿನ ಮಕ್ಕಳು ಮನೆಯಲ್ಲೇ ಚೇತರಿಸಿಕೊಳ್ಳುತ್ತಾರೆ. ಇದನ್ನು ಫ್ರಿಜ್ ಬಾಗಿಲಿಗೆ ಅಂಟಿಸಿಕೊಳ್ಳಿ:

* ಒಂದು ಲೀಟರಿನ ಓಆರ್‌ಎಸ್ ಪೊಟ್ಟಣವನ್ನು ಪೂರ್ತಿಯಾಗಿ ಒಂದು ಲೀಟರ್ ಕುದಿಸಿ ಆರಿಸಿದ ನೀರಿಗೆ ಹಾಕಿ. ಚಿಕ್ಕ ಪೊಟ್ಟಣವಾದರೆ ಅದರ ಮೇಲೆ ಬರೆದಷ್ಟೇ ನೀರು. ಅರ್ಧ ಪೊಟ್ಟಣ, ಒಂದು ಲೋಟ ಅಂತ ಅಂದಾಜಿಗೆ ಕಲೆಸಬೇಡಿ.
* ಎರಡು ವರ್ಷದೊಳಗಿನ ಮಕ್ಕಳಿಗೆ ಪ್ರತಿ ಭೇದಿಯ ನಂತರ 50ರಿಂದ 100 ಮಿ.ಲೀ. ಚಮಚದಲ್ಲಿ, ನಿಧಾನವಾಗಿ. ವಾಂತಿ ಮಾಡಿದರೆ ಹತ್ತು ನಿಮಿಷ ಬಿಟ್ಟು ಮತ್ತೆ ಶುರು ಮಾಡಿ.
* ಕಲೆಸಿದ ನೀರು 24 ಗಂಟೆಗೆ ಮುಗಿಯಬೇಕು. ಉಳಿದರೆ ಚೆಲ್ಲಿಬಿಡಿ.
* ಎದೆಹಾಲು ನಿಲ್ಲಿಸಲೇಬೇಡಿ. ನಾನು ಮಾಡಿದ ತಪ್ಪು ನೀವು ಮಾಡಬೇಡಿ. ಊಟ ತಿನ್ನುವ ಕೂಸಾದರೆ ಮೆತ್ತನೆ ಅನ್ನ, ಬೇಳೆ ಕೊಡುತ್ತಲೇ ಇರಿ.
* ಜೊತೆಗೆ ಜಿಂಕ್ ಮಾತ್ರೆ, 14 ದಿನ. ಆರು ತಿಂಗಳು ತುಂಬಿದ ಮಕ್ಕಳಿಗೆ ದಿನಕ್ಕೆ 20 ಮಿ.ಗ್ರಾಂ., ಎರಡರಿಂದ ಆರು ತಿಂಗಳಿನವರಿಗೆ 10 ಮಿ.ಗ್ರಾಂ. ಭೇದಿ ನಿಂತರೂ ನಡುವೆ ಬಿಡಬೇಡಿ. ಓಆರ್‌ಎಸ್, ಜಿಂಕ್ ಎರಡನ್ನೂ ಆಶಾ ಕಾರ್ಯಕರ್ತೆಯ ಬಳಿ ಕೇಳಿ, ದುಡ್ಡು ಕೊಡಬೇಕಿಲ್ಲ.
* ದೊಡ್ಡವರು ನುಂಗುವ ಭೇದಿ ನಿಲ್ಲಿಸುವ ಮಾತ್ರೆಯ ಚೂರೂ ಕೂಸಿಗೆ ಬೇಡ.

ಇನ್ನೊಂದು ಎಚ್ಚರಿಕೆ. "ಓಆರ್‌ಎಸ್" ಅಂತ ದಪ್ಪಕ್ಷರದಲ್ಲಿ ಬರೆದ ಹಣ್ಣಿನ ರುಚಿಯ ಪಾನೀಯದ ಡಬ್ಬಿಗಳನ್ನು ನೀವೂ ಕೊಂಡಿರಬಹುದು. ಅವುಗಳಲ್ಲಿ ಸಕ್ಕರೆ ವಿಪರೀತ, ಭೇದಿ ಇನ್ನೂ ಹೆಚ್ಚಾಗಬಹುದು. ಹೈದರಾಬಾದಿನ ಮಕ್ಕಳ ವೈದ್ಯೆ ಡಾ. ಶಿವರಂಜನಿ ಸಂತೋಷ್ ವರ್ಷಗಟ್ಟಲೆ ಇದರ ವಿರುದ್ಧ ದನಿ ಎತ್ತಿದರು. ಕೊನೆಗೆ 2025ರ ಅಕ್ಟೋಬರ್‌ನಲ್ಲಿ ಆಹಾರ ಸುರಕ್ಷತಾ ಪ್ರಾಧಿಕಾರ, ಅಂಥ ಪಾನೀಯಗಳ ಮೇಲೆ ಆ ಹೆಸರು ಹಾಕಕೂಡದು ಅಂತ ಆದೇಶಿಸಿತು. ಮೆಡಿಕಲ್ ಶಾಪಿನಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಸೂತ್ರದ ಪುಡಿ ಪೊಟ್ಟಣವನ್ನೇ ಕೇಳಿ ತನ್ನಿ.

ಯಾವಾಗ ಒಂದು ನಿಮಿಷವೂ ಕಾಯಬಾರದು? ಆರು ಗಂಟೆಯಿಂದ ಮೂತ್ರ ಇಲ್ಲ, ಕಣ್ಣು ಒಳಗೆ ಹೋಗಿದೆ, ಅತ್ತರೆ ಕಣ್ಣೀರಿಲ್ಲ, ಹೊಟ್ಟೆಯ ಚರ್ಮ ಚಿವುಟಿ ಬಿಟ್ಟರೆ ಮಡಿಕೆ ನಿಧಾನಕ್ಕೆ ಇಳಿಯುತ್ತದೆ, ಕುಡಿದದ್ದೆಲ್ಲ ವಾಂತಿ, ಮಲದಲ್ಲಿ ರಕ್ತ, ಕೂಸು ಮಂಕಾಗಿ ಎಬ್ಬಿಸಿದರೂ ಏಳುತ್ತಿಲ್ಲ... ಇವುಗಳಲ್ಲಿ ಒಂದು ಕಂಡರೂ ಹತ್ತಿರದ ಆಸ್ಪತ್ರೆಗೆ ಓಡಿ. ನೆತ್ತಿ ಗುಳಿ ಬಿದ್ದಿದ್ದರೆ ಅದು ಹರಳೆಣ್ಣೆ ಒತ್ತುತ್ತಾ ಕೂರುವ ಹೊತ್ತಲ್ಲ. ಮೂರು ತಿಂಗಳೊಳಗಿನ ಕೂಸಿಗೆ ಜ್ವರ ಬಂದರೆ ಬೇರೆ ಲಕ್ಷಣಕ್ಕೆ ಕಾಯದೆ ಕೂಡಲೇ ತೋರಿಸಬೇಕು.

ಒಸಡು ನೋವಿಗೆ ಏನು ಮಾಡೋದು?

ಅದಕ್ಕೆ ದುಡ್ಡು ಖರ್ಚಿಲ್ಲದ ಉಪಾಯಗಳೇ ಸಾಕು. ಉಗುರು ಕತ್ತರಿಸಿ, ಸೋಪಿನಲ್ಲಿ ತೊಳೆದ ಬೆರಳಿನಿಂದ ಒಸಡನ್ನು ಮೆಲ್ಲಗೆ ತೀಡಿ. ಶುಭ್ರವಾದ ಮೆತ್ತನೆ ಬಟ್ಟೆಯನ್ನು ಕುದಿಸಿ ಆರಿಸಿದ ನೀರಿನಲ್ಲಿ ಅದ್ದಿ, ಫ್ರಿಜ್ಜಿನಲ್ಲಿ ಸ್ವಲ್ಪ ಹೊತ್ತಿಟ್ಟು ಕಚ್ಚಲು ಕೊಡಿ. ಕಲ್ಲಿನಂತೆ ಗಡ್ಡೆ ಕಟ್ಟುವಷ್ಟು ತಣ್ಣಗೆ ಬೇಡ. ಜೊಲ್ಲನ್ನು ಆಗಾಗ ಒರೆಸಿ, ಗದ್ದಕ್ಕೆ ಕೊಬ್ಬರಿ ಎಣ್ಣೆ ಸವರಿದರೆ ಗುಳ್ಳೆ ಏಳುವುದು ತಪ್ಪುತ್ತದೆ. ತೀರಾ ನೋವಿದ್ದರೆ ಪ್ಯಾರಾಸಿಟಮಾಲ್, ಅದೂ ತೂಕ ನೋಡಿ ಡಾಕ್ಟರು ಹೇಳಿದ ಅಳತೆಯಲ್ಲಿ.

ಜೇನು ಸವರೋದು ಬೇಡ. ಒಂದು ವರ್ಷದೊಳಗಿನ ಮಕ್ಕಳಿಗೆ ಜೇನು ಅಪಾಯ, ಅದರಲ್ಲಿರಬಹುದಾದ ರೋಗಾಣು ನರಗಳನ್ನೇ ಸೋಲಿಸುತ್ತದೆ. ಒಸಡು ಮರಗಟ್ಟಿಸುವ ಬೆಂಜೊಕೇನ್ ಜೆಲ್ಲನ್ನು ಎರಡು ವರ್ಷದೊಳಗಿನವರಿಗೆ ಹಚ್ಚಬಾರದೆಂದು ಅಮೆರಿಕದ ಔಷಧ ಇಲಾಖೆ 2018ರಲ್ಲಿ ಎಚ್ಚರಿಸಿದೆ. ಹಲ್ಲು ಸುಲಭವಾಗಿ ಬರಲಿ ಅಂತ ಕೊರಳಿಗೆ ಮಣಿಸರ ಹಾಕಿದರೆ ಅದು ಉರುಲಾಗಬಹುದು, ಮಣಿ ಕಿತ್ತರೆ ಗಂಟಲಲ್ಲಿ ಸಿಕ್ಕಬಹುದು. ದೇವರ ದಾರವಾದರೂ ಮಲಗಿಸುವಾಗ ತೆಗೆದಿಡಿ.

ಹಲ್ಲು ಬಂದ ದಿನದಿಂದಲೇ ಅದನ್ನು ಒರೆಸುವ ಅಭ್ಯಾಸ ಇರಲಿ. ಹಾಲಿನ ಬಾಟಲಿ ಬಾಯಲ್ಲಿಟ್ಟೇ ಮಲಗಿಸಿದರೆ, ಚಹಾದಲ್ಲಿ ಅದ್ದಿದ ಬಿಸ್ಕತ್ತು ಕೊಟ್ಟರೆ ಹಾಲುಹಲ್ಲು ಬೇಗ ಹುಳುಕಾಗುತ್ತವೆ. "ಹೆಂಗೂ ಬಿದ್ದು ಹೋಗೋ ಹಲ್ಲು" ಅನ್ನಬೇಡಿ, ನೋವು ಈಗಿನದ್ದೇ ಅಲ್ವಾ?

ಹಲ್ಲಷ್ಟೇ ಎಣಿಸಬೇಡಿ

ಎದುರು ಮನೆಯ ಕೂಸಿಗೆ ಐದು ತಿಂಗಳಿಗೇ ಹಲ್ಲು, ನಮ್ಮದಕ್ಕೆ ಹತ್ತಾದರೂ ಇಲ್ಲ ಅಂತ ಕೊರಗುವವರಿದ್ದಾರೆ. ಸಾಮಾನ್ಯವಾಗಿ ಕೆಳಗಿನ ಎರಡು ಹಲ್ಲು ಮೊದಲು ಬರುತ್ತವೆ. ಕೆಲವರಿಗೆ ಮೇಲಿನದ್ದೇ ಮೊದಲು. "ಮೇಲಿನ ಹಲ್ಲು ಮೊದಲು ಬಂದ್ರೆ ಸೋದರಮಾವನಿಗೆ ಆಗಲ್ಲ" ಅನ್ನೋ ಮಾತಿಗೆ ತವರುಮನೆ, ಗಂಡನ ಮನೆ ನಡುವೆ ಮುನಿಸಾಗಿದ್ದನ್ನೂ ನಾನು ನೋಡಿದ್ದೇನೆ. ಅದು ಆ ಮಗುವಿನ ಒಸಡಿನ ಕ್ರಮ ಅಷ್ಟೇ, ಮಾವ ಚೆನ್ನಾಗಿಯೇ ಇರ್ತಾನೆ! ಒಂದೂವರೆ ವರ್ಷವಾದರೂ ಒಂದು ಹಲ್ಲೂ ಕಾಣದಿದ್ದರೆ ಮಾತ್ರ ಹಲ್ಲಿನ ಡಾಕ್ಟರಿಗೆ ತೋರಿಸಿ.

ಹಲ್ಲಿಗಿಂತ ಗಮನಿಸಬೇಕಾದ್ದು ಬೇರೆಯೇ ಇದೆ. ಮೂರು ತಿಂಗಳಾದರೂ ನಿಮ್ಮ ಮುಖ ನೋಡಿ ನಗುತ್ತಿಲ್ಲವೇ? ಐದು ತಿಂಗಳಿಗೂ ಕತ್ತು ನಿಂತಿಲ್ಲವೇ? ಒಂಬತ್ತು ತಿಂಗಳು ತುಂಬಿದರೂ ಕೂರುತ್ತಿಲ್ಲವೇ? ಒಂದು ವರ್ಷವಾದರೂ ಹೆಸರು ಕರೆದರೆ ತಿರುಗುತ್ತಿಲ್ಲವೇ? ಒಂದೂವರೆ ವರ್ಷಕ್ಕೂ ಹೆಜ್ಜೆ ಇಡುತ್ತಿಲ್ಲ, ಒಂದು ಪದವೂ ಆಡುತ್ತಿಲ್ಲವೇ? ಹಾಗಿದ್ದರೆ "ಅವರಪ್ಪನೂ ತಡವಾಗೇ ಮಾತಾಡಿದ್ದು" ಅಂತ ಸುಮ್ಮನಿರಬೇಡಿ. ಬೇಗ ತೋರಿಸಿದಷ್ಟೂ ಮಗುವಿಗೆ ಅನುಕೂಲ. ಇಂಥ ತೊಂದರೆಗಳನ್ನು ಬೇಗ ಗುರುತಿಸಲೆಂದೇ ಸರ್ಕಾರದ ಬಾಲ ಸ್ವಾಸ್ಥ್ಯ ಕಾರ್ಯಕ್ರಮ 2013ರಿಂದ ಇದೆ. ಅಂಗನವಾಡಿಯಲ್ಲಿ ವಿಚಾರಿಸಿದರೆ ದಾರಿ ತೋರಿಸುತ್ತಾರೆ.

ಅವ್ವ ಹೇಳದೇ ಉಳಿಸಿಕೊಂಡಿದ್ದ ಮಾತು

ಮಗ ಚೇತರಿಸಿಕೊಂಡ ಮೇಲೆ ಕುರುಗೋಡಿಗೆ, ನನ್ನ ತವರಿಗೆ ಹೋದೆ. ದೊಡ್ಡ ಬಸವೇಶ್ವರನಿಗೆ ಕಾಯಿ ಒಡೆಸಿ ಬಂದು ಪಡಸಾಲೆಯಲ್ಲಿ ಕೂತಾಗ, ಅತ್ತೆಯ ಮಾತನ್ನು ಅವ್ವನ ಮುಂದೆ ಹೇಳಿ ಸಿಟ್ಟು ಮಾಡಿಕೊಂಡೆ. ಅವ್ವ ಬಹಳ ಹೊತ್ತು ಏನೂ ಅನ್ನಲಿಲ್ಲ. ಆಮೇಲೆ ಮೊಮ್ಮಗನ ಬೆನ್ನು ಸವರುತ್ತಾ ಅಂದಳು, "ನಿನಗಿಂತ ಮದ್ಲು ಒಂದು ಗಂಡು ಕೂಸು ಇತ್ತವ್ವಾ. ಹತ್ತು ತಿಂಗಳದು. ಹಲ್ಲು ಬರಾ ಹೊತ್ತಿನಾಗ ಭೇದಿ ಹತ್ತಿ ಹೋತು. ಎಲ್ರೂ ಹಲ್ಲಿಂದು ಅಂದ್ರು, ನಾನೂ ಹಂಗಾ ಅನ್ಕಂಡೆ."

ಅದು 1984ರ ಬೇಸಿಗೆಯಂತೆ. ನನಗೊಬ್ಬ ಅಣ್ಣ ಇದ್ದ ಅನ್ನೋದೇ ಆವತ್ತಿನವರೆಗೆ ನನಗೆ ಗೊತ್ತಿರಲಿಲ್ಲ.

ಬಳ್ಳಾರಿಗೆ ವಾಪಸಾದ ಮೇಲೆ ಓದಿದ ಒಂದು ಸಂಗತಿ ನನ್ನನ್ನು ಬಹಳ ಕಾಡಿತು. 1971ರಲ್ಲಿ ಬಾಂಗ್ಲಾದಿಂದ ಬಂದ ನಿರಾಶ್ರಿತರ ನಡುವೆ, ಪಶ್ಚಿಮ ಬಂಗಾಳದ ಬನಗಾಂವ್‌ನಲ್ಲಿ ಕಾಲರಾ ಹಬ್ಬಿತ್ತು. ಡ್ರಿಪ್ ಬಾಟಲಿಗಳು ಸಾಲದಾದವು. ಡಾ. ದಿಲೀಪ್ ಮಹಲನಬಿಸ್ ಗ್ಲೂಕೋಸ್, ಉಪ್ಪು, ಅಡುಗೆ ಸೋಡಾ ಕಲೆಸಿದ ನೀರನ್ನು ರೋಗಿಗಳ ಮನೆಯವರ ಕೈಗೇ ಕೊಟ್ಟು ಕುಡಿಸಿ ಅಂದರು. ಅಲ್ಲಿಯವರೆಗೆ ನೂರಕ್ಕೆ ಮೂವತ್ತರಷ್ಟಿದ್ದ ಸಾವು ನಾಲ್ಕಕ್ಕಿಂತ ಕೆಳಗಿಳಿಯಿತು. ಅವರು ತೀರಿಕೊಂಡಿದ್ದು 2022ರಲ್ಲಿ. ಮರುವರ್ಷ ಪದ್ಮವಿಭೂಷಣ ಬಂತು. ಆ ನೀರಿನ ಸುದ್ದಿ ಹದಿಮೂರು ವರ್ಷವಾದರೂ ಕುರುಗೋಡಿನ ನಮ್ಮ ಅಡುಗೆಮನೆಗೆ ಬಂದಿರಲಿಲ್ಲ. ನಮ್ಮವ್ವನ ಮನೆಯಲ್ಲಿ ಉಪ್ಪಿತ್ತು, ಸಕ್ಕರೆಯಿತ್ತು, ನೀರಿತ್ತು. ಹೇಳುವವರು ಇರಲಿಲ್ಲ.

ಅತ್ತೆಯ ಮೇಲಿನ ಸಿಟ್ಟು ನನಗೆ ಅಲ್ಲೇ ಇಳಿಯಿತು. ಅವರಿಗೂ ಯಾರೂ ಹೇಳಿರಲಿಲ್ಲವಲ್ಲ? ಈಗ ಸಿರುಗುಪ್ಪದ ಮನೆಯ ಗೋಡೆ ಅಲಮಾರಿನಲ್ಲಿ ನಾಲ್ಕು ಓಆರ್‌ಎಸ್ ಪೊಟ್ಟಣ ಸದಾ ಇರುತ್ತವೆ. ಇಟ್ಟವರು ಅತ್ತೆಯೇ. ಮೊನ್ನೆ ಓಣಿಯ ಹುಡುಗಿಯೊಬ್ಬಳು ಕೂಸನ್ನು ಎತ್ತಿಕೊಂಡು ಬಂದಾಗ, "ಹಲ್ಲು ಬರಾಕತ್ತ್ಯಾವ ಖರೆ. ಆದ್ರ ಮೊದ್ಲು ಉಚ್ಚಿ ಹೊಯ್ದು ಎಷ್ಟು ಹೊತ್ತಾತು ಹೇಳು" ಅಂದರಂತೆ!

ಮನೆಯ ಹಿರಿಯರ ಜೊತೆ ಜಗಳ ಬೇಡ. ಅವರ ಎಣ್ಣೆ ಸ್ನಾನ, ಜೋಗುಳ, ಕೂಸನ್ನು ಕಾಲ ಮೇಲೆ ಮಲಗಿಸಿ ತೂಗುವ ತಾಳ್ಮೆ ನಮ್ಮಲ್ಲಿ ಎಷ್ಟು ಜನಕ್ಕಿದೆ? ಅದನ್ನೆಲ್ಲ ಖುಷಿಯಿಂದ ಪಡೆಯಿರಿ. ಆದರೆ ಕೂಸಿನ ಮೈ ಕಾದಾಗ, ಭೇದಿಯಾದಾಗ ಯಾರಾದರೂ "ಹಲ್ಲು ಬರಾಕತ್ತ್ಯಾವ" ಅಂದರೆ, "ಬರಲಿ ಬಿಡ್ರಿ" ಅಂತ ನಗುತ್ತಲೇ ಥರ್ಮಾಮೀಟರ್ ತೆಗೆಯಿರಿ. ಓಆರ್‌ಎಸ್ ಪೊಟ್ಟಣ ಒಡೆಯಿರಿ. ಲಂಗೋಟಿ ಒದ್ದೆಯಾಗಿದೆಯಾ ನೋಡಿ.

ಅಂದ ಹಾಗೆ, ನಿಮ್ಮ ಮನೆಯಲ್ಲಿ ಈಗ ಓಆರ್‌ಎಸ್ ಪೊಟ್ಟಣ ಇದೆಯಾ? ಇಲ್ಲದಿದ್ದರೆ ಸಂಜೆ ತರಕಾರಿ ಚೀಟಿಯಲ್ಲಿ ಮೊದಲು ಅದನ್ನೇ ಬರೆಯಿರಿ.